ಮಾಯದ ಗಾಯವೂ ಮಧುಮೇಹವೂ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿರುತ್ತಾರೆ. ಪತಿಪತ್ನಿಯರಿಬ್ಬರೂ ಆರೋಗ್ಯವಂತರಾಗಿದ್ದು, ಹೆತ್ತ ಮಕ್ಕಳನ್ನು ದುಡಿದು ಸಾಕಿ ದಡ ಸೇರಿಸುವುದೂ ಕುಟುಂಬ ಕಲ್ಯಾಣವೇ ಆಗಿದೆ. ಆದುದರಿಂದ ದುಡಿಯುವ ಕಾಲನ್ನೇ ಕಸಿದುಕೊಳ್ಳಬಲ್ಲ ಮಧುಮೇಹ, ಅಂದರೆ ಸಕ್ಕರೆ ಕಾಯಿಲೆಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚುವುದು ಹೊಸತೇನಲ್ಲ. ಹೊಲದಲ್ಲಿ ಕೂಳೆ ತಗುಲುತ್ತದೆ, ಕುರಿಗಳ ಹಿಂದೆ ಅಲೆಯುವಾಗ ಕಲ್ಲು ಎಡವುತ್ತದೆ, ಹೊಸ ಚಪ್ಪಲಿ ಕಚ್ಚುತ್ತದೆ. ಇಂತಹ ಸಣ್ಣ ಗಾಯವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮಾಯುತ್ತದೆ. ಎರಡು ವಾರ ಕಳೆದರೂ ಮಾಯದೆ ಕೀವು ಸೋರುತ್ತಿದ್ದು, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ "ನೋವಿಲ್ಲವಲ್ಲ" ಎಂದು ಸಮಾಧಾನಪಡಬಾರದು. ನೋವಿಲ್ಲದಿರುವುದೇ ಅಪಾಯದ ಚಿಹ್ನೆ.

ಇದಕ್ಕೆ ಕಾರಣವೇನು? ಉಂಡ ಆಹಾರವು ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಇನ್ಸುಲಿನ್ ಎಂಬ ರಸವು ಅದನ್ನು ಅಂಗಾಂಗಗಳಿಗೆ ಒದಗಿಸುತ್ತದೆ. ಈ ರಸವು ಸಾಲದಾದರೆ, ಅಥವಾ ಇದ್ದೂ ಕೆಲಸ ಮಾಡದಾದರೆ, ಸಕ್ಕರೆಯು ರಕ್ತದಲ್ಲಿಯೇ ಹೆಚ್ಚುತ್ತದೆ. ಇದು ವರ್ಷಗಟ್ಟಲೆ ಮುಂದುವರಿದಾಗ ರಕ್ತನಾಳಗಳು ಕಿರಿದಾಗಿ ಗಾಯಕ್ಕೆ ರಕ್ತ ಸಾಲದು; ರೋಗಾಣುಗಳೊಡನೆ ಹೋರಾಡುವ ಶಕ್ತಿ ಕುಗ್ಗುತ್ತದೆ; ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಮುರಿದು ಒಳಗೇ ಉಳಿದರೂ ತಿಳಿಯದು. ಅದರ ಮೇಲೆಯೇ ನಡೆದಾಡಿ ಗಾಯವು ಮೂಳೆಯವರೆಗೂ ಇಳಿಯುತ್ತದೆ. ಕೊಳೆತು ಕಪ್ಪಾದ ಮೇಲೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಬಹುದು.

ಮುದ್ದೆ ಉಂಡು ಮೈಮುರಿದು ದುಡಿಯುವವರಿಗೆ ಈ ಕಾಯಿಲೆ ಬಾರದೆಂಬುದು ತಪ್ಪು ತಿಳುವಳಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿಯೂ ನೂರು ಮಂದಿ ವಯಸ್ಕರಲ್ಲಿ ಸುಮಾರು 9 ಮಂದಿಗೆ ಮಧುಮೇಹವಿದೆ.

ಅತಿಯಾದ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಉಂಡರೂ ಮೈ ಇಳಿಯುವುದು, ಪಾದಗಳಲ್ಲಿ ಜೋಮು ಅಥವಾ ಉರಿ, ಗುಪ್ತಾಂಗದಲ್ಲಿ ತುರಿಕೆ ಇವು ಇತರ ಲಕ್ಷಣಗಳು. ಇವು ಯಾವುವೂ ಇಲ್ಲದೆಯೂ ರೋಗವಿರಬಹುದು. ಮೂತ್ರಕ್ಕೆ ಇರುವೆ ಮುತ್ತಲೆಂದು ಕಾಯಬೇಡಿರಿ.

ತನ್ನ ಅಂಗಾಲು ತನಗೆ ಸುಲಭವಾಗಿ ಕಾಣದು. ನೇಕಾರ ಬಂಧುಗಳ ಪಾದಗಳಂತೂ ದಿನವಿಡೀ ಮಗ್ಗದ ಕುಣಿಯಲ್ಲಿರುತ್ತವೆ. ಆದುದರಿಂದ ರಾತ್ರಿ ಕಾಲು ತೊಳೆದ ಮೇಲೆ ಪತಿಯ ಪಾದವನ್ನು ಪತ್ನಿಯೂ, ಪತ್ನಿಯ ಪಾದವನ್ನು ಪತಿಯೂ ದೀಪದ ಬೆಳಕಿನಲ್ಲಿ, ಬೆರಳುಗಳ ಸಂದಿಯನ್ನೂ ಬಿಡದೆ ನೋಡತಕ್ಕದ್ದು. ಹೆಂಡತಿಯ ಕಾಲು ಮುಟ್ಟುವುದು ಗಂಡಸಿಗೆ ಅವಮಾನವೆಂದು ಯಾರೂ ತಿಳಿಯಬಾರದು. ಮನೆಗೆಲಸದ ನಡುವೆ ತಮ್ಮ ಗಾಯವನ್ನು ಮರೆಮಾಚುವವರು ತಾಯಂದಿರೇ ಹೆಚ್ಚು.

ಗಾಯ ಕಂಡರೆ ಶುದ್ಧ ನೀರಿನಲ್ಲಿ ತೊಳೆದು, ಒಗೆದು ಒಣಗಿಸಿದ ಬಟ್ಟೆಯನ್ನು ಕಟ್ಟಿರಿ. ಬೂದಿ, ಸಗಣಿ, ಸುಣ್ಣ, ಹೊಗೆಸೊಪ್ಪು ಹಚ್ಚಬೇಡಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಬಂದು, ಗಾಯಕ್ಕೆ ಔಷಧಿ ಪಡೆಯುವುದರ ಜೊತೆಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿರೆಂದು ಕೇಳಿರಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಮತ್ತೊಮ್ಮೆ ಪರೀಕ್ಷಿಸಿ ರೋಗವನ್ನು ನಿರ್ಧರಿಸಲಾಗುವುದು. ಗಾಯವಿಲ್ಲದಿದ್ದರೂ 30 ವರ್ಷ ದಾಟಿದ ದಂಪತಿಗಳಿಬ್ಬರೂ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಉತ್ತಮ.

ಮಾಯದ ಗಾಯವೆಲ್ಲವೂ ಮಧುಮೇಹದ್ದಲ್ಲ. ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಕುಷ್ಠರೋಗವೂ ಕಾರಣವಾಗಿರಬಹುದು. ಅದಕ್ಕೂ ಪೂರ್ಣ ಗುಣವಾಗುವ ಉಚಿತ ಚಿಕಿತ್ಸೆಯಿದೆ. ಮಧುಮೇಹವು ಬೇರುಸಹಿತ ಹೋಗುವುದು ಅಪರೂಪ. ಆದರೂ ಮಾತ್ರೆ, ಮಿತವಾದ ಊಟ, ನಿಯಮಿತ ತಪಾಸಣೆಗಳಿಂದ ಅದು ಹತೋಟಿಯಲ್ಲಿರುತ್ತದೆ, ಕಾಲೂ ಉಳಿಯುತ್ತದೆ. ಸುಗ್ಗಿ ಮುಗಿಯಲಿ, ಸೀರೆ ಇಳಿಯಲಿ ಎಂದು ಮುಂದೂಡದೆ ಇದೇ ವಾರ ಇಬ್ಬರೂ ಕೂಡಿ ಬನ್ನಿರಿ.