ಹಾಡು ಎಷ್ಟು ಉದ್ದವಿರಬೇಕು?

(ಗೌರಸಮುದ್ರದಲ್ಲಿ ಊರಿನ ಹಿರಿಯರು ಮತ್ತು ಯುವಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



2002ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಿಂದ ಕುಣಿತದ ಹಾಡೊಂದು ಹೊರಬಂದಿತು. ಹೆಸರು ‘ಲೂಸಿಂಗ್ ಮೈ ಎಡ್ಜ್’. ‘ನನ್ನ ಹರಿತ ಮೊಂಡಾಗುತ್ತಿದೆ’ ಎಂದು ಅರ್ಥ ಮಾಡಿಕೊಳ್ಳಬಹುದು. ಹಾಡಿದವರು ಜೇಮ್ಸ್ ಮರ್ಫಿ, ತಂಡದ ಹೆಸರು ಎಲ್‌ಸಿಡಿ ಸೌಂಡ್‌ಸಿಸ್ಟಮ್. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸ್ವಂತದ ಸಣ್ಣ ಸಂಸ್ಥೆಯಿಂದ ಹೊರತಂದ ಮೊದಲ ಹಾಡು ಅದು. ಅದರ ಉದ್ದ ಸುಮಾರು ಎಂಟು ನಿಮಿಷ. ರೇಡಿಯೋದವರ ಲೆಕ್ಕದಲ್ಲಿ ಎರಡು ಹಾಡಿನ ಜಾಗವನ್ನು ಒಂದೇ ಹಾಡು ನುಂಗಿದಂತಾಯಿತು.

ಹಾಡಿನ ವಿಷಯ ಏನು? ಕ್ಲಬ್ಬು. ನಮ್ಮ ಕಡೆ ಕ್ಲಬ್ಬೆಂದರೆ ಇಸ್ಪೀಟಾಡುವ ಜಾಗ. ಅಲ್ಲಿ ಕ್ಲಬ್ಬೆಂದರೆ ರಾತ್ರಿಯಿಡೀ ಕುಣಿಯುವ ಮನೆ. ಯಾವ ಹಾಡಿನ ನಂತರ ಯಾವ ಹಾಡು ಬರಬೇಕೆಂದು ತಟ್ಟೆ ಆರಿಸುವವನೇ ಡಿಜೆ. ನಮ್ಮ ಗಣಪತಿ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಪೇರಿಸುವ ಸ್ಪೀಕರುಗಳಿಗೆ ನಾವು ಡಿಜೆ ಎನ್ನುತ್ತೇವೆ. ಮೂಲದಲ್ಲಿ ಅದು ಮನುಷ್ಯನ ಕೆಲಸದ ಹೆಸರು. ಅಂಥ ಒಬ್ಬ ವಯಸ್ಸಾಗುತ್ತಿರುವ ಡಿಜೆ ಈ ಹಾಡಿನಲ್ಲಿ ಮಾತನಾಡುತ್ತಾನೆ. ಆ ಊರಿನಲ್ಲಿ ಆ ತಂಡ ಹಾಡಿದಾಗ ತಾನು ಅಲ್ಲಿದ್ದೆ, ಈ ಹಾಡನ್ನು ಮೊದಲು ಕೇಳಿಸಿದ್ದು ತಾನೇ ಎಂದು ಹೇಳಿಕೊಳ್ಳುತ್ತಾನೆ. ಅಂತರ್ಜಾಲದಲ್ಲಿ ಎಲ್ಲವನ್ನೂ ಹುಡುಕಿಕೊಳ್ಳುವ ಹೊಸ ಹುಡುಗರು ತನ್ನನ್ನು ಹಿಂದೆ ಹಾಕುತ್ತಿದ್ದಾರೆಂಬ ಅಂಜಿಕೆ ಅವನದು. ಕೊನೆಗೆ ತನಗೆ ಗೊತ್ತಿರುವ ತಂಡಗಳ ಹೆಸರನ್ನೆಲ್ಲ ಕೂಗಿ ಹೇಳುತ್ತಾನೆ. ತಮಾಷೆಯೆಂದರೆ, 1968ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ತಾನಿದ್ದೆ ಎಂದು ಅವನು ಸಾಧಿಸುತ್ತಾನೆ. ಹಾಡು ಬರೆದ ಮರ್ಫಿ ಹುಟ್ಟಿದ್ದೇ 1970ರಲ್ಲಿ!

ಮಾರಮ್ಮನ ಊರಿನಲ್ಲಿ ನಿಂತು ನ್ಯೂಯಾರ್ಕಿನ ಹಾಡಿನ ಮಾತೇಕೆ ಎಂದು ನೀವು ಕೇಳಬಹುದು. ಆ ಹಾಡು ಎತ್ತುವ ಎರಡು ಪ್ರಶ್ನೆಗಳು ನಮ್ಮವೂ ಹೌದು. ಕುಣಿಯುವ ಹಾಡು ಎಷ್ಟು ಉದ್ದವಿರಬೇಕು? ಅದರ ನೆನಪನ್ನು ಕಾಯುವವರು ಯಾರು?

ಹಾಡೆಂದರೆ ಮೂರು ನಾಲ್ಕು ನಿಮಿಷ ಎಂಬ ಅಳತೆ ನಮ್ಮ ತಲೆಯಲ್ಲಿ ಕೂತಿದೆ. ಇದು ಕಲೆಯ ನಿಯಮವಲ್ಲ, ಯಂತ್ರ ಹಾಕಿದ ಕಟ್ಟು. 1902ರಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಅಂದಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಬಲ್ಲ ಆಕೆ ಒಂದು ರಾಗವನ್ನು ಆ ಮೂರು ನಿಮಿಷಕ್ಕೆ ಮಡಚಿ, ಕೊನೆಯಲ್ಲಿ ತನ್ನ ಹೆಸರನ್ನೂ ಹೇಳಿ ಮುಗಿಸುತ್ತಿದ್ದರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಮೇಲೆ ರೇಡಿಯೋ ಬಂತು, ಸಿನಿಮಾ ಬಂತು. ತಟ್ಟೆಯ ಅಳತೆಯೇ ಹಾಡಿನ ಅಳತೆಯಾಗಿ ಉಳಿಯಿತು.

ಈ ಕಟ್ಟನ್ನು ಮುರಿದವರು ಪಂಡಿತರಲ್ಲ, ಕುಣಿಯುವವರು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬಳಿಯ ಕುಣಿತದ ಮನೆಯೊಂದರಲ್ಲಿ ಟಾಮ್ ಮೌಲ್ಟನ್ ಎಂಬಾತ ಒಂದು ಸಂಗತಿ ಗಮನಿಸಿದ. ಜನರಿಗೆ ಆವೇಶ ಏರುವ ಹೊತ್ತಿಗೆ ಸರಿಯಾಗಿ ಮೂರು ನಿಮಿಷ ಮುಗಿದು ಹಾಡು ನಿಲ್ಲುತ್ತಿತ್ತು. ಜನ ಕಣ ಬಿಟ್ಟು ಹೋಗುತ್ತಿದ್ದರು. ಆತ ಟೇಪಿನಲ್ಲಿ ಹಾಡುಗಳನ್ನು ಒಂದಕ್ಕೊಂದು ಹೊಂದಿಸಿ, ನಡುವೆ ಬಿಡುವಿಲ್ಲದಂತೆ ಮಾಡಿದ. ಹಾಡಿನೊಳಗಿನ ತಾಳದ ಭಾಗವನ್ನು ಹಿಗ್ಗಿಸಿದ. ಒಮ್ಮೆ ಏಳು ಅಂಗುಲದ ಖಾಲಿ ತಟ್ಟೆಗಳು ಮುಗಿದಿದ್ದಾಗ ದೊಡ್ಡ ತಟ್ಟೆಯ ಮೇಲೆ ಹಾಡು ಕೊರೆಸಿದ. ಸದ್ದು ಹಿಂದೆಂದೂ ಇಲ್ಲದಷ್ಟು ತುಂಬಿ ಬಂತು.

ಕಾರಣ ಸರಳ. ತಟ್ಟೆಯ ಮೇಲಿನ ಗೀರು ಉಳುಮೆಯ ಸಾಲಿದ್ದಂತೆ. ಜಾಗ ಕಡಿಮೆಯಾದರೆ ಸಾಲುಗಳು ಒತ್ತೊತ್ತಾಗಿ ಕಿರಿದಾಗುತ್ತವೆ, ಮಂದ್ರದ ಗುಡುಗು ಅವುಗಳಲ್ಲಿ ಹಿಡಿಸುವುದಿಲ್ಲ. ಹನ್ನೆರಡು ಅಂಗುಲದ ತಟ್ಟೆಯಲ್ಲಿ ಸಾಲುಗಳು ಅಗಲವಾಗಿ ಕೂತವು. ಎದೆಗೆ ತಟ್ಟುವ ಸದ್ದೂ ಸಿಕ್ಕಿತು, ಹೆಚ್ಚು ಹೊತ್ತೂ ಸಿಕ್ಕಿತು. 1976ರಲ್ಲಿ ಇಂಥ ತಟ್ಟೆ ಅಂಗಡಿಗೆ ಬಂತು. 1983ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ನ್ಯೂ ಆರ್ಡರ್ ತಂಡ ‘ಬ್ಲೂ ಮಂಡೇ’ ಎಂಬ ಏಳೂವರೆ ನಿಮಿಷದ ಹಾಡು ತಂದು, ಹನ್ನೆರಡು ಅಂಗುಲದ ತಟ್ಟೆಯ ಮಾರಾಟದಲ್ಲಿ ಹೆಸರು ಮಾಡಿತು. ಆ ತಂಡ ಮತ್ತು ಅದರ ಸಂಸ್ಥೆ ಸೇರಿ ಹಿಂದಿನ ವರ್ಷವೇ ಹಸಿಯೆಂಡಾ ಎಂಬ ಕ್ಲಬ್ಬನ್ನೂ ತೆರೆದಿದ್ದವು. 1992ರಲ್ಲಿ ‘ದಿ ಆರ್ಬ್’ ತಂಡದ್ದು ಇನ್ನೂ ಚೇಷ್ಟೆ. ನಲವತ್ತು ನಿಮಿಷ ದಾಟಿದರೆ ಒಂಟಿ ಹಾಡಿನ ಪಟ್ಟಿಗೆ ಸೇರಿಸುವುದಿಲ್ಲವೆಂಬ ನಿಯಮ ಅಲ್ಲಿತ್ತು. ಅವರು 39 ನಿಮಿಷ 57 ಸೆಕೆಂಡಿನ ಹಾಡು ಮಾಡಿ ಮೊದಲ ಹತ್ತರೊಳಗೆ ಸೇರಿಸಿಬಿಟ್ಟರು.

ನಲವತ್ತು ನಿಮಿಷವೆಂದರೆ ಲಂಡನ್ನಿನವರಿಗೆ ಅಚ್ಚರಿ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಿರಿಯರಿಗೆ ಅದು ದೇವರ ಸ್ತುತಿ ಮುಗಿಯುವ ಹೊತ್ತು, ಅಷ್ಟೆ.

ಕಾಡುಗೊಲ್ಲರ ಜುಂಜಪ್ಪನ ಕಥೆಯನ್ನು ನೋಡಿ. ಚಿನ್ನಮ್ಮನ ಮಗ ಜುಂಜಪ್ಪ, ಸೋದರಮಾವಂದಿರ ಹಗೆ, ದನಗಳ ಮೇಲಿನ ಅವನ ಪ್ರೀತಿ. ಇದನ್ನು ಹಾಡುವ ಗಣೆಗಾರನ ಕೈಯಲ್ಲಿ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು. ಒಂದಿಷ್ಟು ಊದುತ್ತಾನೆ, ಒಂದಿಷ್ಟು ಹಾಡುತ್ತಾನೆ, ಮತ್ತೆ ಊದುತ್ತಾನೆ. ಉಸಿರು ತಿರುಗಿಸಿಕೊಳ್ಳುವ ಬಿಡುವು ಹಾಡಿನೊಳಗೇ ಇದೆ. ಹಾಗಾಗಿ ಕಥೆ ಬೆಳಗಿನ ತನಕ ನಡೆಯುತ್ತದೆ. ಮ್ಯಾಸಬೇಡರಲ್ಲಿಯೂ ಹೀಗೆಯೇ. ದೇವರ ಎತ್ತುಗಳನ್ನು ಕಾಯುವ ಆ ಸಮುದಾಯದಲ್ಲಿ ಗಾದ್ರಿ ಪಾಲನಾಯಕನಂಥ ವೀರರ ಕಥೆಗಳಿವೆ. ಇಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು.

ಕುಣಿತಕ್ಕೆ ಬನ್ನಿ. ನಿಮ್ಮ ಮಾರಮ್ಮನ ಜಾತ್ರೆಗೆ ಭಾದ್ರಪದದಲ್ಲಿ ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಜನ ಸೇರುತ್ತಾರೆ. ಈ ಸೀಮೆಯ ದೇವರು ಹೊರಟರೆ ಉರುಮೆ ಬೇಕೇ ಬೇಕು. ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜಿದಾಗ ಏಳುವ ಗುಂಯ್ ಎಂಬ ಮೊರೆತ, ಇನ್ನೊಂದು ಮುಖದ ಪೆಟ್ಟು. ನ್ಯೂಯಾರ್ಕಿನವರು ದೊಡ್ಡ ತಟ್ಟೆಯಲ್ಲಿ ಹುಡುಕಿದ ಮಂದ್ರದ ಗುಡುಗು ನಮ್ಮಲ್ಲಿ ತೊಗಲಿನ ಮೇಲೆಯೇ ಇತ್ತು. ಇನ್ನು ಕೋಲಾಟ. ನಿಧಾನವಾಗಿ ಶುರುವಾಗಿ ಬಿರುಸಾಗುತ್ತದೆ. ಒಂದು ಕೋಪು ಮುಗಿಯುವುದರೊಳಗೆ ಇನ್ನೊಂದು ಕೋಪಿಗೆ ಹೊರಳುತ್ತದೆ. ಮುಂದಾಳು ಸೊಲ್ಲು ಎತ್ತುತ್ತಾನೆ, ಉಳಿದವರು ಅದನ್ನು ಹಿಡಿದು ತಿರುಗಿಸುತ್ತಾರೆ. ಯಾರ ಕಾಲು ಸೋತಿದೆ, ಯಾವಾಗ ಲಯ ಏರಿಸಬೇಕು, ಯಾವಾಗ ಇಳಿಸಬೇಕು ಎಂದು ಮುಂದಾಳು ಕಣ್ಣಿನಲ್ಲೇ ಅಳೆಯುತ್ತಾನೆ. ಒಳ್ಳೆಯ ಡಿಜೆ ಮಾಡುವುದೂ ಇದನ್ನೇ.

ಎಂದರೆ, ಕುಣಿತದ ಹಾಡಿಗೆ ಗಡಿಯಾರದ ಅಳತೆ ಹೊಂದುವುದಿಲ್ಲ. ಅದರ ಅಳತೆ ಕಾಲಿನದು. ಕುಳಿತು ಕೇಳುವವನಿಗೆ ಒಂದೇ ಸೊಲ್ಲು ನಲವತ್ತು ಸಲ ಬಂದರೆ ಬೇಸರ. ಕುಣಿಯುವವನಿಗೆ ಅದು ಊರುಗೋಲು. ಅತಿ ಉದ್ದವಾಯಿತು ಎನ್ನುವ ಟೀಕೆ ಬಹಳ ಸಲ ಕುರ್ಚಿಯಲ್ಲಿ ಕುಳಿತವರದು.

ನೆನಪಿನ ಪ್ರಶ್ನೆಗೆ ಬರುತ್ತೇನೆ. ನ್ಯೂಯಾರ್ಕಿನ ಡಿಜೆ ತನ್ನ ಪಟ್ಟಿಯನ್ನು ಹೆಮ್ಮೆಗಾಗಿ ಹೇಳಿದ. ನಮ್ಮ ಹಾಡುಗಳಲ್ಲಿಯೂ ಪಟ್ಟಿಗಳಿವೆ: ದೇವರುಗಳು, ಹಟ್ಟಿಗಳು, ಬಾವಿಗಳು, ದನಗಳ ಬಣ್ಣಗಳು, ನಂಟರು. ಓದುಬರಹವಿಲ್ಲದ ಸಮುದಾಯಕ್ಕೆ ಆ ಪಟ್ಟಿಯೇ ಪಹಣಿ, ಅದೇ ವಂಶವೃಕ್ಷ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಪದಗಳು ಸಾವಿರಾರು ಸಾಲು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಕುಳಿತು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಶಾಲೆಯ ಮೆಟ್ಟಿಲು ಹತ್ತದವರಿಗೆ ವಿಶ್ವವಿದ್ಯಾಲಯ ತಾನೇ ತಲೆಬಾಗಿದ ಅಪರೂಪದ ಸಂದರ್ಭ ಅದು.

ಹಳೆಯದನ್ನೆಲ್ಲ ಹೊಗಳಲು ನಾನು ಬಂದಿಲ್ಲ. ಕ್ಲಬ್ಬಿನ ಬಾಗಿಲಲ್ಲಿ ನಿಂತವನು ಉಡುಪು ನೋಡಿ, ಬಣ್ಣ ನೋಡಿ, ಜೇಬು ನೋಡಿ ಒಳಗೆ ಬಿಡುತ್ತಾನೆ. ನಮ್ಮ ಹಟ್ಟಿಯ ಬೇಲಿಯೂ ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯ ಗೆರೆ ಇತ್ತು. ಮುಟ್ಟಾದ, ಹೆತ್ತ ಹೆಂಗಸರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿ ಇತ್ತು. ಅದು ಪೂರ್ತಿ ಅಳಿದಿದೆ ಎನ್ನುವಂತಿಲ್ಲ. ಹಾಗೆ ಹೊರಗೆ ಕೂತ ಹೆಂಗಸರೇ ಹಟ್ಟಿಯ ಹಾಡನ್ನು ಎದೆಯೊಳಗೆ ಕಾಪಾಡಿದರು ಎಂಬುದನ್ನು ನಾವು ಮರೆಯಬಾರದು. ಹಾಡನ್ನು ಉಳಿಸುವುದಕ್ಕೆ ಬೇಲಿಯನ್ನೂ ಉಳಿಸಬೇಕಾಗಿಲ್ಲ.

ರಾತ್ರಿಯ ಕುಣಿತಕ್ಕೂ ಸರ್ಕಾರಕ್ಕೂ ಎಲ್ಲೆಡೆ ಜಟಾಪಟಿಯೇ. ಬ್ರಿಟನ್ನಿನಲ್ಲಿ 1994ರ ಕಾನೂನು, ಬಯಲಿನಲ್ಲಿ ರಾತ್ರಿ ನೆರೆಯುವ ಕುಣಿತದ ಕೂಟಗಳನ್ನು ತಡೆಯಲು ಹೊರಟು, ಒಂದೇ ಪೆಟ್ಟು ಮರುಕಳಿಸುವ ಸಂಗೀತ ಎಂಬ ವಿವರಣೆಯನ್ನೇ ಬರೆದುಕೊಂಡಿತು. ಆ ವಿವರಣೆಗೆ ನಮ್ಮ ಉರುಮೆಯೂ ಸಿಕ್ಕಿಬೀಳುತ್ತದೆ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಇದೆ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ, ಹಬ್ಬ–ಉತ್ಸವಗಳಿಗೆ ರಾಜ್ಯ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಸಬಹುದು. ಮಲಗುವ ಮಕ್ಕಳು, ರೋಗಿಗಳ ಕಡೆಯಿಂದ ನೋಡಿದರೆ ಇದು ನ್ಯಾಯವೇ.

ನನ್ನ ಆತಂಕ ಬೇರೆ. ಕಾನೂನಿಗಿಂತ ಮೊದಲು ಹಾಡನ್ನು ಕತ್ತರಿಸುತ್ತಿರುವವರು ನಾವೇ. ಉತ್ಸವಗಳ ವೇದಿಕೆಯಲ್ಲಿ ಜನಪದ ತಂಡಕ್ಕೆ ಕೊಡುವುದು ಐದೋ ಹತ್ತೋ ನಿಮಿಷ. ದೀಪ ಹಚ್ಚುವುದಕ್ಕೂ ಸನ್ಮಾನಕ್ಕೂ ನಡುವೆ ಉಳಿದ ಜಾಗ ಅದು. ಆಹ್ವಾನಿತರ ಭಾಷಣಕ್ಕೆ ಗಂಟೆಯಿದೆ. ಮೊಬೈಲಿನಲ್ಲಿ ಅದು ಅರ್ಧ ನಿಮಿಷಕ್ಕೆ ಇಳಿದಿದೆ. ಹತ್ತು ನಿಮಿಷಕ್ಕೆ ಇಳಿಸಿದ ಜುಂಜಪ್ಪನ ಕಥೆಯಲ್ಲಿ ಮೊದಲು ಬಿದ್ದುಹೋಗುವುದು ಆ ಪಟ್ಟಿಗಳೇ. ಬಾವಿಯ ಹೆಸರು ಹೋಯಿತು, ಹಟ್ಟಿಯ ಹೆಸರು ಹೋಯಿತು. ಕಥೆ ಎಲ್ಲಿಯದಾದರೂ ಆಗಬಹುದಾದ ಕಥೆಯಾಯಿತು. ಹತ್ತು ನಿಮಿಷವನ್ನಷ್ಟೇ ಕಲಿತ ಹುಡುಗನಿಗೆ ಮುಂದೆ ಬೆಳಗಿನವರೆಗೆ ಹಾಡೆಂದರೆ ಅವನೆಲ್ಲಿಂದ ತಂದಾನು?

ಗೌಹರ್ ಜಾನ್ ಅವರಿಗೆ ಮೂರು ನಿಮಿಷದ ತಟ್ಟೆ ಬಿಟ್ಟರೆ ಗತಿ ಇರಲಿಲ್ಲ. ನಿಮ್ಮ ಜೇಬಿನ ಫೋನಿಗೆ ಆ ಕಟ್ಟಿಲ್ಲ. ಅದು ಇಡೀ ರಾತ್ರಿಯನ್ನು ಹಿಡಿದಿಡಬಲ್ಲದು. ನಮ್ಮ ಮನೆಗಳಲ್ಲಿ ಪದ ಹೇಳುವ ಅವ್ವ, ಅಜ್ಜಿ, ತಾತ ಇನ್ನೂ ಇದ್ದಾರೆ. ಅವರು ಒಪ್ಪಿದರೆ ಮುಂದೆ ಕೂತುಕೊಳ್ಳಿ. ನಿಲ್ಲಿಸಬೇಡಿ, ಅವಸರ ಮಾಡಬೇಡಿ. ನಡುವೆ ಕೆಮ್ಮಿದರೆ, ಎಲೆಯಡಿಕೆ ಹಾಕಿಕೊಂಡರೆ, ಒಂದು ಸಾಲು ಮರೆತು ಪಕ್ಕದವರನ್ನು ಕೇಳಿದರೆ ಅದೂ ಇರಲಿ. ಹಾಡಿದವರು ಯಾರು, ಸೊಲ್ಲು ಹಿಡಿದವರು ಯಾರು, ಯಾರಿಂದ ಕಲಿತದ್ದು, ಯಾವ ಊರು, ಯಾವ ದಿನ ಎಂದು ಬರೆದಿಡಿ. ಆದರೆ ಧ್ವನಿ ಹಿಡಿದಿಟ್ಟರೆ ಸಾಲದು, ಒಬ್ಬರಾದರೂ ಎದ್ದು ಸೊಲ್ಲು ಹಿಡಿಯಬೇಕು.

ಆ ಡಿಜೆ ಹೊಸ ಹುಡುಗರನ್ನು ಕಂಡು ಹೆದರಿದ. ನಮ್ಮ ಹಾಡುಗಾರರಿಗೆ ಇರುವ ಹೆದರಿಕೆ ಬೇರೆಯದು. ಮುಂದಿನ ಸೊಲ್ಲು ಹಿಡಿಯಲು ಹೊಸ ಹುಡುಗರು ಬರದೆ ಹೋದರೆ ಎಂಬುದು. ಆ ಹೆದರಿಕೆಯನ್ನು ಕಳೆಯುವುದು ನಿಮ್ಮ ಕೈಯಲ್ಲಿದೆ. ಬರುವ ಜಾತ್ರೆಯಲ್ಲಿ ಉರುಮೆ ಶುರುವಾದಾಗ ಯಾರೂ ಗಡಿಯಾರ ನೋಡದಿರಲಿ.