ಕನ್ನಡ ನೆಲದಲ್ಲಿ ರೋಮಕ ನಾಣ್ಯಗಳು
(ಧಾರವಾಡದಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ರೋಮ ಸಾಮ್ರಾಜ್ಯವೆಂದೊಡನೆ ಅದು ಏಳು ಕಡಲಾಚೆಯ ಸಂಗತಿ, ಪರೀಕ್ಷೆಗಾಗಿ ಬಾಯಿಪಾಠ ಮಾಡತಕ್ಕ ಇತಿಹಾಸವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆದರೆ ಆ ಸಾಮ್ರಾಟರ ಮುಖಮುದ್ರೆಯನ್ನು ಹೊತ್ತ ಬಂಗಾರವು ನಮ್ಮ ಹಾನಗಲ್ಲ ತಾಲೂಕಿನ ಮಣ್ಣಿನಿಂದಲೇ ಹೊರಬಿದ್ದಿರುವದು! 1977ರಲ್ಲಿ ಅಕ್ಕಿಆಲೂರಿನಲ್ಲಿ 40ಕ್ಕೂ ಮಿಕ್ಕಿ ಬಂಗಾರದ ನಾಣ್ಯಗಳು ಒಟ್ಟಿಗೆ ದೊರೆತವು. ಅಂದು ಅದು ಧಾರವಾಡ ಜಿಲ್ಲೆಯ ಊರು. 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ.

ಈ ನಿಧಿಯಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳಿದ ಸಾಮ್ರಾಟರ ನಾಣ್ಯಗಳೇ ಹೆಚ್ಚು. ಅವುಗಳಲ್ಲಿ ಕೊನೆಯವು 518ರಿಂದ 527ರ ವರೆಗೆ ಆಳಿದ ಮೊದಲನೆಯ ಜಸ್ಟಿನನವು. ಆಗ ನಮ್ಮಲ್ಲಿ ಯಾರ ಆಳಿಕೆ ಇದ್ದಿತು? ಬನವಾಸಿಯ ಕದಂಬರದು. ಹಲ್ಮಿಡಿಯ ಶಾಸನವನ್ನು ಬರೆಯಿಸಿದ್ದು ಸುಮಾರು 450ರಲ್ಲಿ ಎಂಬುದನ್ನು ಇದರ ಜೊತೆಗೆ ನೆನೆಯಿರಿ. ಕನ್ನಡವು ಕಲ್ಲಿನ ಮೇಲೆ ಮೊದಲ ಹೆಜ್ಜೆಗಳನ್ನಿಡುತ್ತಿದ್ದ ಆ ಕಾಲದಲ್ಲಿ ಕನ್ನಡಿಗರ ನಾಡು ಕೂಪಮಂಡೂಕವಾಗಿರಲಿಲ್ಲ. ಅದಕ್ಕೂ ಮುನ್ನ ಎರಡನೆಯ ಶತಮಾನದಲ್ಲಿಯೇ ಟಾಲೆಮಿಯು ತನ್ನ ಭೂಗೋಲ ಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿರುವನು.

ಇದೊಂದೇ ಊರಿನ ಮಾತಲ್ಲ. 1891ರಲ್ಲಿ ಬೆಂಗಳೂರ ಹತ್ತಿರದ ಯಶವಂತಪುರದಲ್ಲಿ 163 ಬೆಳ್ಳಿಯ ದಿನಾರಿಯಸ್ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವೀಲರರೂ ಉತ್ಖನನ ನಡೆಯಿಸಿದರು. ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿಯ ನಾಣ್ಯಗಳು ಅಲ್ಲಿ ಬೆಳಕಿಗೆ ಬಂದವು. ಮೆಣಸು, ಮುತ್ತು, ಹತ್ತಿಯ ನವಿರಾದ ಬಟ್ಟೆ ಇವುಗಳಿಗಾಗಿ ರೋಮಕರು ಬೆಳ್ಳಿ ಬಂಗಾರ ಸುರಿಯುತ್ತಿದ್ದರು. ವರುಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಿಂದುಸ್ಥಾನಕ್ಕೆ ಹರಿದುಹೋಗುತ್ತಿರುವದೆಂದು ಪ್ಲಿನಿಯು ಹಲುಬಿರುವನು. ನಮ್ಮ ಸಂಸ್ಕೃತ ಗ್ರಂಥಗಳ 'ದೀನಾರ' ಶಬ್ದವೂ ಆ ದಿನಾರಿಯಸ್‌ನಿಂದಲೇ ಬಂದದ್ದು.

ರೋಮಕ ಸಾಮ್ರಾಜ್ಯದ ಪೂರ್ವದ ಪಟ್ಟಣಗಳು ಗ್ರೀಕ ಲಿಪಿಯಲ್ಲಿ ತಮ್ಮವೇ ಆದ ತಾಮ್ರ, ಕಂಚಿನ ನಾಣ್ಯಗಳನ್ನು ಅಚ್ಚುಹಾಕುತ್ತಿದ್ದವು. ಆ ಪ್ರಾಂತೀಯ ನಾಣ್ಯಗಳಿಗೆ ಅವುಗಳ ಸೀಮೆಯಲ್ಲಿಯೇ ಬೆಲೆ. ದೂರದ ವ್ಯಾಪಾರಕ್ಕೆ ಬೇಕಾದದ್ದು ಚೊಕ್ಕ ಲೋಹ. 64ರಲ್ಲಿ ನೀರೋ ಸಾಮ್ರಾಟನು ಬೆಳ್ಳಿಯ ನಾಣ್ಯದ ತೂಕವನ್ನೂ ಪರಿಶುದ್ಧತೆಯನ್ನೂ ತಗ್ಗಿಸಿದನು. ಅದಕ್ಕೂ ಹಿಂದಿನ ನಾಣ್ಯಗಳೇ ದಕ್ಷಿಣದ ನಿಧಿಗಳಲ್ಲಿ ಹೇರಳವಾಗಿ ಸಿಕ್ಕುವವು. ನಮ್ಮ ಹಿರಿಯರು ಮುಖಮುದ್ರೆ ನೋಡಿ ಮರುಳಾಗುವವರಲ್ಲ, ತಕ್ಕಡಿ ಹಿಡಿದು ಕೊಳ್ಳುವವರು ಎಂಬುದು ಇದರಿಂದ ತಿಳಿಯುವದು. ಮುಂದೆ ಬಂದ ಬಂಗಾರದ ಸಾಲಿಡಸ್ ನಾಣ್ಯಗಳಲ್ಲಿ ಎಷ್ಟೋ ಸಾಮ್ರಾಟನ ತಲೆಯ ಮೇಲ್ಗಡೆ ಎರಡು ತೂತು ಕೊರೆದವು. ಅಂದರೆ ಅವು ಕೊರಳ ಸರದ ಪದಕಗಳಾದವು.

ಇಂಥ ಸಾಕ್ಷಿ ನಮ್ಮ ಕಣ್ಣೆದುರಿಗೇ ಹಾಳಾಗುವ ಭಯವಿದೆ. ನೇಗಿಲಿಗೆ ಗಡಿಗೆ ತಗುಲಿದರೆ ಪಾಲು ಹಂಚಿಕೊಳ್ಳುವ ಆತುರ. ಪತ್ತಾರರ ಮೂಸೆಗೆ ಬಿದ್ದ ಮೇಲೆ ಎಲ್ಲ ಬಂಗಾರವೂ ಒಂದೇ. ಕರಗದೆ ಉಳಿದು ಸಂಗ್ರಾಹಕರ ಕೈಸೇರಿದರೂ ಸಾಲದು. ಯಾವ ಊರು, ಯಾವ ಹೊಲ, ಯಾವ ಗಡಿಗೆ, ಜೊತೆಗೆ ಏನಿದ್ದಿತು ಎಂಬುದು ತಿಳಿಯದಿದ್ದರೆ ಆ ನಾಣ್ಯವು ರೋಮಿನ ಕಥೆಯನ್ನು ಹೇಳೀತು, ಕರ್ನಾಟಕದ ಕಥೆಯನ್ನು ಹೇಳಲಾರದು. ಚಂದ್ರವಳ್ಳಿಯ ನಾಣ್ಯಕ್ಕೆ ಇಷ್ಟು ಮಹತ್ವ ಬಂದದ್ದೇಕೆ? ಅದು ಸಿಕ್ಕ ಮಣ್ಣಿನ ಪದರದ ಕಾಲವನ್ನು ಗೊತ್ತುಪಡಿಸಲು ಅದು ನೆರವಾಯಿತು, ಅದಕ್ಕಾಗಿ.

ಸಂಗ್ರಹಿಸುವ ಹವ್ಯಾಸವನ್ನು ನಾವು ಹಳಿಯುವವರಲ್ಲ. ಸಂಗ್ರಹಿಸುವವನು ಮೊದಲು ವಹಿಯನ್ನಿಡಲಿ. ನಾಣ್ಯದ ತೂಕ, ಅಳತೆ, ಎರಡೂ ಮುಖಗಳ ಚಿತ್ರ, ಯಾರಿಂದ ಎಂದು ಬಂದಿತು ಎಂಬುದನ್ನು ಬರೆಯಲಿ. ಅಂಚಿನ ಸುತ್ತ ಬೆಸುಗೆಯ ಗೆರೆ ಕಂಡರೆ ಅದು ಎರಕದ ನಕಲಿಯೆಂದು ಸಂಶಯಿಸಲಿ. ಹಳೆಯ ನಾಣ್ಯವನ್ನು ಹುಣಸೆಯ ಹಣ್ಣಿನಿಂದ ತಿಕ್ಕದಿರಲಿ. ನೆಲದಲ್ಲಿ ದೊರೆತ ನಿಧಿಯನ್ನು ಬಚ್ಚಿಡದೆ ಸರಕಾರಕ್ಕೆ ತಿಳಿಸತಕ್ಕದ್ದೆಂದು 1962ರ ನಿಧಿ ಕಾಯಿದೆ ವಿಧಿಸುವದು. ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವದನ್ನು 1972ರ ಕಾಯಿದೆ ನಿಷೇಧಿಸಿರುವದು.

ಶಿಕ್ಷಕರೇ, ಹೊಲದಲ್ಲಿ ಸಿಕ್ಕ ಬಿಲ್ಲೆಯನ್ನು ಹುಡುಗನು ಮೊದಲು ತೋರಿಸುವದು ನಿಮಗೆ. ಆಗ ನೀವು ಅದನ್ನು ಕಸಿದುಕೊಳ್ಳದೆ, ನಗದೆ, ಊರ ಹೆಸರನ್ನೂ ಹೊಲದ ಗುರುತನ್ನೂ ಒಂದು ಚೀಟಿಯ ಮೇಲೆ ಬರೆದುಕೊಳ್ಳಿರಿ. ಮನೆಯ ಹಿರಿಯರಿಗೆ ತಿಳಿಹೇಳಿ ಅಧಿಕಾರಿಗಳಿಗೆ ವರದಿ ಕಳಿಸಿರಿ. ಈ ಧಾರವಾಡದಲ್ಲಿಯೇ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಅದರ ವಸ್ತುಸಂಗ್ರಹಾಲಯಕ್ಕೆ ವರುಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಕರೆತನ್ನಿರಿ. ಕಂಡದ್ದನ್ನು ಗುರುತಿಸುವ ಕಣ್ಣು ಅವರಿಗೆ ಬಂದರೆ ಮುಂದಿನ ಅಕ್ಕಿಆಲೂರು ಮೂಸೆಯ ಪಾಲಾಗದೆ ನಾಡಿನ ಪಾಲಾಗುವದು. ಇಷ್ಟನ್ನು ತಮ್ಮಲ್ಲಿ ಬಿನ್ನವಿಸಿ ನಮ್ಮ ಮಾತನ್ನು ಮುಗಿಸುವೆವು.