ಹೆಸರೇ ಪ್ರಶ್ನೆಯಾದಾಗ



ನಿಮ್ಮ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಅಡ್ಡಸಾಲು. ಹೆಸರು, ಊರು, ನೋಂದಣಿ ಸಂಖ್ಯೆಗಳಿಗೆ ಒಂದೊಂದು ಕಂಬಸಾಲು. ಮಾಹಿತಿಯನ್ನು ಹೀಗೆ ಕೋಷ್ಟಕಗಳಾಗಿ ಜೋಡಿಸುವ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಇಂಥ ಕೋಷ್ಟಕಗಳಿಂದ ಉತ್ತರ ಪಡೆಯಲು ಎಸ್‌ಕ್ಯೂಎಲ್ ಎಂಬ ಭಾಷೆಯಿದೆ.

ಆದರೆ ಪ್ರೋಗ್ರಾಂ ಬರೆಯುವವರು ಅನೇಕ ವೇಳೆ ಕೋಷ್ಟಕಗಳ ಲೆಕ್ಕದಲ್ಲಿ ಯೋಚಿಸುವುದಿಲ್ಲ. 'ವಿದ್ಯಾರ್ಥಿ', 'ಪುಸ್ತಕ' ಎಂಬಂಥ ವಸ್ತುಗಳ ಲೆಕ್ಕದಲ್ಲಿ ಯೋಚಿಸುತ್ತಾರೆ. ಇವೆರಡರ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶಕ್ಕೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್ ಎಂದು ಹೆಸರು. ರೂಬಿ ಭಾಷೆಯಲ್ಲಿ ರಚಿತವಾಗಿ 2004ರಲ್ಲಿ ಬಿಡುಗಡೆಯಾದ 'ರೈಲ್ಸ್' ಚೌಕಟ್ಟಿನ 'ಆಕ್ಟಿವ್ ರೆಕಾರ್ಡ್' ಅಂಥ ಒಂದು ದುಭಾಷಿ.

ಇದರ ಒಂದು ಸೊಗಸು ನೋಡಿ. 'ಫೈಂಡ್_ಬೈ_ನೇಮ್' ಎಂದು ಬರೆದು, ಆವರಣದೊಳಗೆ 'ಮಂಜುನಾಥ' ಎಂದು ಕೊಟ್ಟರೆ ಆ ಹೆಸರಿನ ವಿದ್ಯಾರ್ಥಿಯ ದಾಖಲೆ ಬರುತ್ತದೆ. ಊರನ್ನೂ ಸೇರಿಸಬೇಕೇ? 'ಫೈಂಡ್_ಬೈ_ನೇಮ್_ಅಂಡ್_ಟೌನ್' ಎಂದು ಬರೆದು ಎರಡು ಬೆಲೆಗಳನ್ನು ಕೊಡಿ. ಸೋಜಿಗವೆಂದರೆ, ಈ ಹೆಸರಿನ ವಿಧಾನಗಳನ್ನು ಯಾರೂ ಬರೆದಿಟ್ಟಿಲ್ಲ!

ಹಾಗಾದರೆ ಉತ್ತರ ಕೊಡುವವರು ಯಾರು? ತನಗೆ ಗೊತ್ತಿಲ್ಲದ ಹೆಸರಿನಿಂದ ಕರೆದಾಗ ರೂಬಿ ಭಾಷೆ ಕೂಡಲೇ ಕೈಚೆಲ್ಲುವುದಿಲ್ಲ. 'ಮೆಥಡ್_ಮಿಸ್ಸಿಂಗ್' ಎಂಬ ಕೊನೆಯ ಬಾಗಿಲಿಗೆ ಆ ಹೆಸರನ್ನೇ ಒಪ್ಪಿಸುತ್ತದೆ. ಅಲ್ಲಿ ಆಕ್ಟಿವ್ ರೆಕಾರ್ಡ್ ಕಾದು ಕುಳಿತಿರುತ್ತದೆ. ಹೆಸರು 'ಫೈಂಡ್_ಬೈ' ಎಂದು ಆರಂಭವಾಗಿದೆಯೇ ಎಂದು ನೋಡುತ್ತದೆ. ಉಳಿದ ಭಾಗವನ್ನು 'ಅಂಡ್' ಬಂದಲ್ಲಿ ಕತ್ತರಿಸುತ್ತದೆ. ಪ್ರತಿಯೊಂದು ತುಂಡಿಗೂ ಕಂಬಸಾಲು ಉಂಟೇ ಎಂದು ಪರೀಕ್ಷಿಸುತ್ತದೆ. ಬಳಿಕ ಎಸ್‌ಕ್ಯೂಎಲ್ ಪ್ರಶ್ನೆಯನ್ನು ತಾನೇ ರಚಿಸಿ ಕಳಿಸುತ್ತದೆ. ನಾವು ಪ್ರಶ್ನೆಯನ್ನು ಹೆಸರಿನೊಳಗೇ ಅಡಗಿಸಿದೆವು. ಅದು ಬಿಡಿಸಿ ಓದಿತು, ಅಷ್ಟೆ.

ಇಷ್ಟು ಅನುಕೂಲವಿರುವಲ್ಲಿ ಎಚ್ಚರವೂ ಬೇಕು. ಮೊದಲನೆಯದಾಗಿ, 'ನೇಮ್' ಎಂಬುದನ್ನು ತಪ್ಪಾಗಿ ಬರೆದರೆ ಆ ಸಾಲು ಓಡುವವರೆಗೂ ತಪ್ಪು ಹೊರಬೀಳದಿರಬಹುದು.

ಎರಡನೆಯದು ಇನ್ನೂ ಸೂಕ್ಷ್ಮ. 'ಫೈಂಡ್_ಬೈ' ಕೊಡುವುದು ಒಂದೇ ದಾಖಲೆಯನ್ನು. ಕಾಲೇಜಿನಲ್ಲಿ ಮಂಜುನಾಥರು ಇಬ್ಬರಿದ್ದರೆ? ಒಬ್ಬನ ದಾಖಲೆ ಬರುತ್ತದೆ. ಇನ್ನೊಬ್ಬನಿದ್ದಾನೆ ಎಂಬ ಸೂಚನೆಯೇ ಇರುವುದಿಲ್ಲ. ಕ್ರಮವನ್ನು ಹೇಳದಿದ್ದರೆ ಯಾರ ದಾಖಲೆ ಬಂದೀತೆಂಬ ಭರವಸೆಯೂ ಇಲ್ಲ. ಆ ಸಾಲನ್ನು ನಂಬಿ ವಿದ್ಯಾರ್ಥಿವೇತನ ಮಂಜೂರು ಮಾಡಿದರೆ, ಒಬ್ಬನ ಹಣ ಇನ್ನೊಬ್ಬನ ಖಾತೆಗೆ ಹೋದೀತು. ಕಂಪ್ಯೂಟರ್ ಇಲ್ಲಿ ತಪ್ಪು ಮಾಡಲಿಲ್ಲ. 'ಈ ಹೆಸರಿನ ಯಾರಾದರೂ ಒಬ್ಬರನ್ನು ಕೊಡು' ಎಂದು ಕೇಳಿದ್ದೆವು, ಕೊಟ್ಟಿತು. ನಾವು ಕೇಳಬೇಕಾಗಿದ್ದುದು ನೋಂದಣಿ ಸಂಖ್ಯೆಯಿಂದ.

ಮೂರನೆಯದು ಸುರಕ್ಷತೆಯ ಪ್ರಶ್ನೆ. ಈ ವಿಧಾನಗಳು ಹುಡುಕುವ ಬೆಲೆಯ ಜೊತೆಗೆ ಬೇರೆ ಆಯ್ಕೆಗಳನ್ನೂ ಸ್ವೀಕರಿಸುತ್ತಿದ್ದವು. ಹೊರಗಿನಿಂದ ಬಂದ ಬೆಲೆಯನ್ನೇ ಆಯ್ಕೆಯೆಂದು ಭ್ರಮಿಸಿ, ಎಸ್‌ಕ್ಯೂಎಲ್ ತುಣುಕು ಒಳನುಸುಳಲು ಎಡೆಕೊಡಬಹುದಾದ ದೋಷವೊಂದನ್ನು 2013ರ ಜನವರಿಯಲ್ಲಿ ಪ್ರಕಟಿಸಿ ಸರಿಪಡಿಸಲಾಯಿತು. ಅದೇ ವರ್ಷ ಬಂದ ರೈಲ್ಸ್‌ನ 4ನೆಯ ಆವೃತ್ತಿ ಇಂಥ ಬಹುಪಾಲು ವಿಧಾನಗಳನ್ನು ಕೈಬಿಡುವಂತೆ ಸೂಚಿಸಿತು. 'ಫೈಂಡ್_ಬೈ_ನೇಮ್' ಬಗೆಯದು ಉಳಿಯಿತು. ಅದರೊಡನೆ, ಕಂಬಸಾಲಿನ ಹೆಸರನ್ನು ಆವರಣದೊಳಗೇ ಕೊಡುವ ಸರಳ 'ಫೈಂಡ್_ಬೈ' ಕೂಡ ಬಂತು.

ಮಿತ್ರರೇ, ದುಭಾಷಿಯ ನೆರವು ಪಡೆಯುವುದು ತಪ್ಪಲ್ಲ. ಆದರೆ ಅವನು ನಮ್ಮ ಪರವಾಗಿ ಏನು ಕೇಳಿದ ಎಂಬುದು ನಮಗೆ ತಿಳಿದಿರಬೇಕು. ರೈಲ್ಸ್‌ನಲ್ಲಿ ಪ್ರೋಗ್ರಾಂ ಬರೆಯುವಾಗ, ಕಳಿಸಿದ ಎಸ್‌ಕ್ಯೂಎಲ್ ಸಾಲು ದಿನಚರಿ ಕಡತದಲ್ಲಿ ದಾಖಲಾಗುತ್ತದೆ. ಮುಂದಿನ ಬಾರಿ ಪ್ರಯೋಗಾಲಯದಲ್ಲಿ ಕುಳಿತಾಗ ಒಂದೇ ಹೆಸರಿನ ಇಬ್ಬರನ್ನು ಕೋಷ್ಟಕದಲ್ಲಿ ಸೇರಿಸಿ, ಹೆಸರಿನಿಂದ ಹುಡುಕಿ, ಆ ಸಾಲನ್ನು ಓದಿ. ಅದರ ಕೊನೆಯಲ್ಲಿ ಉತ್ತರವನ್ನು ಒಂದಕ್ಕೇ ಸೀಮಿತಗೊಳಿಸುವ ಪದ ನಿಮಗೆ ಕಾಣುತ್ತದೆ.